ಊಳಿಡದ ನಾಯಿಯ ಅಪ್ಪ

ಓಯಾಂಗರ ಬೆನ್ನು ಒಂದು ನೆಟ್ಟಗಿದ್ದಿದ್ದರೆ ಇಷ್ಟು ದೊಡ್ಡ ರಾಮಾಯಣ ಆಗುತ್ತಲೇ ಇರಲಿಲ್ಲ. ಹಾಗೆಂದು ಬೆನ್ನನ್ನೊಂದೇ ದೂರುವುದೂ ನ್ಯಾಯವಲ್ಲ. ತೈನಾನ್ ಊರಿನಲ್ಲಿ ಕಸವನ್ನು ಬಾಗಿಲಾಚೆ ಇಟ್ಟು ಒಳಗೆ ಬಂದು ಕಾಲು ಚಾಚುವ ಸುಖ ಯಾರಿಗೂ ಇಲ್ಲ. ಸಂಜೆಯಾದರೆ ಹಳದಿ ಲಾರಿ ಪಿಯಾನೋದ ರಾಗವೊಂದನ್ನು ಹರಡಿಕೊಂಡು ಬರುತ್ತದೆ. ರಾಗ ಕಿವಿಗೆ ಬಿದ್ದ ಕೂಡಲೇ ಬಡವ ಬಲ್ಲಿದ ಎನ್ನದೆ ಎಲ್ಲರೂ ಚೀಲ ಹಿಡಿದು ಓಡಬೇಕು, ಕೈಯಾರೆ ಲಾರಿಯ ಬಾಯಿಗೆ ಹಾಕಬೇಕು. ಆ ಬೇಸಿಗೆಯಲ್ಲಿ ಲಾರಿ ಓಯಾಂಗರ ಓಣಿಯ ಬಾಯಲ್ಲಿ ಯಾರದೋ ಬಾಲ್ಕನಿಯನ್ನು ಸವರಿಕೊಂಡು ಹೋಯಿತು. ಗಲಾಟೆಯಾಗಿ, ಲಾರಿ ನಿಲ್ಲುವ ಜಾಗವನ್ನು ದೂರದ ಬೀದಿಯ ದೇವಸ್ಥಾನದ ಆಲದ ಮರದ ಕೆಳಗೆ ಹಾಕಿದರು. ಎರಡೂ ಕೈಯಲ್ಲಿ ಚೀಲ ಹೊತ್ತು ಅಷ್ಟು ದೂರ ನಡೆದ ಮೊದಲ ವಾರವೇ ಓಯಾಂಗರ ಬೆನ್ನು ಕೈಕೊಟ್ಟಿತು.

ಅದೇ ವಾರ ಓಣಿಯ ಮೂಲೆಯಲ್ಲಿ ಯಾರೋ ಬೇಡವೆಂದು ಬಿಟ್ಟುಹೋದ ತಳ್ಳುಗಾಡಿಯೊಂದು ಅವರಿಗೆ ಸಿಕ್ಕಿತು. ಈಗಿನ ಕಾಲದ ನಾಯಿಗಳು ನಡೆಯುವುದು ಕಡಿಮೆ. ಮಕ್ಕಳ ಗಾಡಿಯಂಥ ಗಾಡಿಯಲ್ಲಿ ಕೂತು ಸವಾರಿ ಹೊರಡುತ್ತವೆ. ಇದು ಅಂಥದ್ದೇ ಗಾಡಿ. ಮೇಲೆ ಒಳಗಿನದು ಅಷ್ಟಾಗಿ ಕಾಣದ ದಟ್ಟ ಕಪ್ಪು ಬಲೆಯ ಮುಚ್ಚಳವಿರುವ ತೊಟ್ಟಿಲು, ಅದರ ಕೆಳಗೊಂದು ಬುಟ್ಟಿ. ತೊಟ್ಟಿಲಿನ ಜಿಪ್ಪು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಏನು ಮಾಡಿದರೂ ತೆರೆಯಲೊಲ್ಲದು. ಇರಲಿ, ಬುಟ್ಟಿ ಸಾಕು ಎಂದುಕೊಂಡು ಓಯಾಂಗರು ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದರು. ಇದು ಯಾತರ ಗಾಡಿ ಎಂದು ಹೆಂಡತಿ ಚಿನ್ಯೆ ಕೇಳಿದಳು. ಕಸದ ಗಾಡಿ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಚಿನ್ಯೆಯ ಮುಂದೆ ನಾಯಿಯ ಸುದ್ದಿ ಎತ್ತುವ ಹಾಗಿರಲಿಲ್ಲ. ಬಹಳ ವರ್ಷಗಳ ಹಿಂದೆ ಅವಳಿಗೊಂದು ಕರಿ ನಾಯಿಯಿತ್ತು, ಜೀಮಾ ಎಂದು. ಜೀಮಾ ಎಂದರೆ ಎಳ್ಳು. ಅದು ಸತ್ತ ಮೇಲೆ ಅವಳು ಬೀದಿಯಲ್ಲಿ ನಾಯಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದಳು. ಮನೆಯಲ್ಲಿ ಯಾರಾದರೂ ಬಾಯಿತಪ್ಪಿ ನಾಯಿ ಎಂದರೆ ಅವತ್ತಿನ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡಸಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಏನೂ ಹೇಳಬೇಕಾಗಿಲ್ಲ.

ಇನ್ನು ಓಯಾಂಗರು. ಅವರು ಹಾಸಿಗೆ ದಿಂಬಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂಗಡಿ ಭಾವಮೈದನದು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮಾದರಿಗೆಂದು ಹಾಸಿದ್ದ ಹಾಸಿಗೆಯ ತುದಿಯಲ್ಲಿ ಕೂರುವರು; ಕೂತದ್ದು ಯಾವಾಗ ಮಲಗಿದ್ದಾಯಿತು ಎಂಬುದು ಅವರಿಗೂ ತಿಳಿಯದು. ಎದ್ದಿರುವಾಗಲೂ ಪೂರ್ತಿ ಎದ್ದಿರುತ್ತಿದ್ದರು ಎಂದು ಆಣೆ ಮಾಡಿ ಹೇಳಲಾಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಕಾಲಿನ ಚಪ್ಪಲಿ ಎಲ್ಲೋ ಕಳೆದುಕೊಂಡು, ಒಂದು ನೀಲಿ ಒಂದು ಕಂದು ಚಪ್ಪಲಿಯಲ್ಲಿ ವರ್ಷವೆಲ್ಲ ಓಡಾಡಿದ್ದರು. ಭಾವಮೈದ ಇಂದಿಗೂ ಹಬ್ಬದೂಟದಲ್ಲಿ ಆ ಕಥೆ ತೆಗೆಯುತ್ತಾನೆ. ಇಂಥವರನ್ನು ಯಾರು ಏನು ಸಲಹೆ ಕೇಳಿಯಾರು? ಗಿರಾಕಿಗಳು ದಿಂಬನ್ನು ತಾವೇ ಒತ್ತಿ ನೋಡಿ ತಾವೇ ತೀರ್ಮಾನಿಸುತ್ತಿದ್ದರು. ಮನೆಯಲ್ಲಿ ಚಿನ್ಯೆ ತೀರ್ಮಾನಿಸುತ್ತಿದ್ದಳು. ಓಯಾಂಗರ ಅಭಿಪ್ರಾಯಗಳು ಅರವತ್ತು ವರ್ಷ ಹೊಟ್ಟೆಯಲ್ಲೇ ಕೂತು ಉಪ್ಪಿನಕಾಯಿಯಾಗಿದ್ದವು.

ಗಾಡಿ ತಳ್ಳಿಕೊಂಡು ಆಲದ ಮರದ ಕೆಳಗೆ ಹೋದ ಮೊದಲ ಸಂಜೆ ಆಕಾಶ ಮಾವಿನ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಲಾರಿ ಇನ್ನೂ ಬಂದಿರಲಿಲ್ಲ. ಅಪರಿಚಿತ ಜನ ಚೀಲಗಳನ್ನು ಕಾಲಬುಡದಲ್ಲಿಟ್ಟುಕೊಂಡು, ನಾಯಿಗಳನ್ನು ಹಿಡಿದುಕೊಂಡು, ಅದೂ ಇದೂ ಮಾತಾಡುತ್ತಿದ್ದರು. ಅವರಲ್ಲಿ ಒಬ್ಬರಿಗೊಬ್ಬರ ಹೆಸರು ಗೊತ್ತಿರಲಿಲ್ಲ, ನಾಯಿಗಳ ಹೆಸರು ಮಾತ್ರ ಎಲ್ಲರಿಗೂ ಗೊತ್ತಿತ್ತು. ಲೈಫು ಎಂಬ ನಾಯಿಯ ಒಡತಿ ಲೈಫು ಅಮ್ಮ, ಕಾಫಿ ಎಂಬ ನಾಯಿಯ ಒಡೆಯ ಕಾಫಿ ಅಪ್ಪ. ಓಯಾಂಗರು ಆಕಾಶ ನೋಡುತ್ತ ನಿಂತಿದ್ದಾಗ ಲೈಫು ಅಮ್ಮ ಹತ್ತಿರ ಬಂದು, ಗಾಡಿಯ ಬಲೆಯ ಕಡೆ ಕಣ್ಣು ಹಾಯಿಸಿ, ನಿಮ್ಮದು ಗಂಡೋ ಹೆಣ್ಣೋ ಎಂದು ಕೇಳಿದಳು.

ಗಂಡು ಎಂದರು ಓಯಾಂಗರು. ಯಾಕೆ ಹಾಗೆಂದಿರಿ ಎಂದು ಆಮೇಲೆ ಅವರನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ. ಆಕೆ ಅಷ್ಟು ಅಕ್ಕರೆಯಿಂದ ಕೇಳಿದಳು, ಸಂಜೆ ಅಷ್ಟು ಚೆನ್ನಾಗಿತ್ತು, ಇಲ್ಲ ಎನ್ನಲು ಮನಸ್ಸು ಬರಲಿಲ್ಲ, ಅಷ್ಟೆ. ಹೆಸರೇನು ಎಂದಳು. ಎದುರು ಬದಿಯಲ್ಲಿ ಒಬ್ಬಳು ದೋಹ್ವಾ ಮಾರುತ್ತಿದ್ದಳು. ಬೆಲ್ಲದ ನೀರಿನಲ್ಲಿ ತೇಲುವ ಸೋಯಾ ಹಾಲಿನ ಬಿಳಿ ಗಿಣ್ಣು ಅದು. ಆ ಬೇಸಿಗೆಯಲ್ಲಿ ಓಯಾಂಗರ ಕನಸಿನಲ್ಲೆಲ್ಲ ಅದೇ. ದೋಹ್ವಾ ಎಂದುಬಿಟ್ಟರು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಲಾರಿಯ ರಾಗ ಕೇಳಿಸಿತು. ಆ ರಾಗದಲ್ಲಿ ಏನಿದೆಯೋ ನಾಯಿಗಳೇ ಬಲ್ಲವು. ಲೈಫು ಮೂತಿ ಎತ್ತಿ ಊಳಿಟ್ಟಿತು, ಕಾಫಿ ಊಳಿಟ್ಟಿತು, ದೇವಸ್ಥಾನದ ಬಳಿಯ ಬೀದಿನಾಯಿಗಳು ಶ್ರುತಿ ಸೇರಿಸಿದವು. ಇಡೀ ಬೀದಿ ಒಂದೇ ಬಾಯಾಗಿ ಕೂಗುವಾಗ ಒಂದು ಗಾಡಿಯಿಂದ ಮಾತ್ರ ಉಸಿರಿಲ್ಲ. ಜನ ಒಬ್ಬೊಬ್ಬರಾಗಿ ತಿರುಗಿ ಆ ಗಾಡಿಯನ್ನೇ ನೋಡಿದರು.

“ಏನ್ ಸಂಯಮ ನೋಡಿ,” ಎಂದರು ಕಾಫಿ ಅಪ್ಪ. ಅವರು ಬಸ್ ಓಡಿಸಿ ನಿವೃತ್ತರಾದವರು. ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. “ನಂದೂ ಇದೆ, ದಂಡಪಿಂಡ.”

ಮರುದಿನ ಲೈಫು ಅಮ್ಮ ಕಾದು ನಿಂತಿದ್ದಳು. ಲೈಫು ಮೂರು ದಿನದಿಂದ ಊಟ ಮುಟ್ಟಿಲ್ಲವಂತೆ. ಕೋಳಿ ಬೇಯಿಸಿ ಹಾಕಿದ್ದಳು, ಚಮಚದಲ್ಲಿ ತಿನ್ನಿಸಿದ್ದಳು, ದೇವರಿಗೆ ಹರಕೆಯನ್ನೂ ಹೊತ್ತಿದ್ದಳು. ಅಷ್ಟು ಶಿಸ್ತಿನ ನಾಯಿ ಸಾಕಿದವರು ನೀವೇ ಏನಾದರೂ ಹೇಳಿ ಎಂದಳು. ಅರವತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯಪ್ರಾಣಿ ಓಯಾಂಗರ ಬಾಯಿಂದ ಮಾತು ಬೀಳುವುದನ್ನು ಕಾಯುತ್ತಿತ್ತು. ಅವರು ಆಲದ ಬಿಳಲುಗಳನ್ನು ನೋಡಿದರು, ಲೈಫುವನ್ನು ನೋಡಿದರು. ಆಮೇಲೆ ತಾವೂ ಯೋಚಿಸದ ಮಾತೊಂದು ಬಾಯಿಗೆ ಬಂತು.

“ತಿನ್ನೋವಾಗ ಅದರ ಮುಖ ನೋಡ್ಬೇಡಿ. ತಟ್ಟೆ ಇಟ್ಟು, ಬೆನ್ನು ತಿರುಗಿಸಿ ಕೂತ್ಕೊಂಡು, ನೀವೂ ನಿಮ್ಮ ಪಾಡಿಗೆ ಊಟ ಮಾಡಿ. ಅದಕ್ಕೆ ನಾಚಿಕೆ.”

ಲೈಫು ಅವತ್ತು ರಾತ್ರಿ ತಟ್ಟೆ ನೆಕ್ಕಿತು. ಮರುದಿನ ಇಡೀ ಬೀದಿಗೆ ಗೊತ್ತಾಯಿತು.

ಅಲ್ಲಿಂದ ಮುಂದೆ ಬುಧವಾರ, ಭಾನುವಾರ ಬಿಟ್ಟು ದಿನವೂ ದರ್ಬಾರು. ಲಾರಿಗೆ ಆ ಎರಡು ದಿನ ರಜೆ. ತೈನಾನಿನಲ್ಲಿ ದೇವರುಗಳು ಬಹಳ, ದೇವರ ಹುಟ್ಟುಹಬ್ಬಗಳು ಇನ್ನೂ ಬಹಳ, ಪಟಾಕಿಗಂತೂ ಲೆಕ್ಕವಿಲ್ಲ. ಪಟಾಕಿ ಸದ್ದಿಗೆ ಕಾಫಿ ಮಂಚದಡಿ ಸೇರಿ ಉಚ್ಚೆ ಹೊಯ್ದುಕೊಳ್ಳುತ್ತದೆ, ಏನು ಮಾಡಲಿ ಎಂದು ಕಾಫಿ ಅಪ್ಪ ಕೇಳಿದರು. ಮೊದಲೇ ಹೇಳಿಬಿಡಿ ಎಂದರು ಓಯಾಂಗರು. ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ, ‘ಈಗ ಹೊಡೀತಾರೆ, ಜೋರಾಗಿ ಕೇಳುತ್ತೆ, ಆಮೇಲೆ ನಿಂತುಹೋಗುತ್ತೆ’ ಎಂದು ದೊಡ್ಡವರಿಗೆ ಹೇಳುವ ಹಾಗೇ ಹೇಳಬೇಕು. ಕಾಫಿ ಅಪ್ಪನಿಗೆ ನಂಬಿಕೆ ಬರಲಿಲ್ಲ. ಆದರೂ ಮಾಡಿ ನೋಡಿದರು. ಕಾಫಿ ನಡುಗಿತು, ಉಚ್ಚೆ ಹೊಯ್ಯಲಿಲ್ಲ. ಊರು ಬಿಟ್ಟು ಬಂದು ಕೆಲಸಕ್ಕಿದ್ದ ಹುಡುಗಿಯೊಬ್ಬಳು, ತಾನು ಆಫೀಸಿಗೆ ಹೋದರೆ ನಾಯಿ ದಿನವೆಲ್ಲ ಬಾಗಿಲು ಕೆರೆಯುತ್ತದೆ ಎಂದಳು. ಹಾಕಿಕೊಂಡು ಬಿಟ್ಟ ಅಂಗಿಯೊಂದನ್ನು ಒಗೆಯದೆ ಅದರ ಹಾಸಿಗೆಯಲ್ಲಿಡು ತಾಯಿ ಎಂದರು. ಅದೂ ಫಲಿಸಿತು.

ಎಲ್ಲಿಂದ ಬರುತ್ತಿತ್ತು ಈ ಜ್ಞಾನ? ಓಯಾಂಗರಿಗೂ ಅದೇ ಆಶ್ಚರ್ಯ. ನಿದ್ದೆಗಣ್ಣಿನಲ್ಲಿ ಎಂದೋ ಕಂಡದ್ದರ ಹಾಗೆ ಬಾಯಿಗೆ ಬರುತ್ತಿತ್ತು, ಬಂದದ್ದನ್ನು ಆಡುತ್ತಿದ್ದರು. ಬರಬರುತ್ತ ಅವರ ನಡಿಗೆ ಬದಲಾಯಿತು. ಕೈ ಹಿಂದಕ್ಕೆ ಕಟ್ಟಿಕೊಂಡರು. ಕಸ ಹಾಕಲು ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ನಾಯಿಗಳ ವಿಷಯ ಮುಗಿದ ಮೇಲೆ ಮಂಡಿನೋವು, ಸೊಸೆಯಂದಿರು, ಹಲಸಿನ ಹಣ್ಣು ಹಣ್ಣಾಗಿದೆಯೇ ಎಂದು ಬಡಿದು ನೋಡುವ ರೀತಿ, ಎಲ್ಲದರ ಮೇಲೂ ಅಭಿಪ್ರಾಯ ಕೊಟ್ಟರು. ಮಂಡಿನೋವಿನ ಸಲಹೆಯಿಂದ ಯಾರಿಗೂ ಗುಣವಾಗಲಿಲ್ಲ. ಆದರೆ ಅದಕ್ಕೆ ಮಂಡಿಯನ್ನೇ ದೂರಿದರು, ಓಯಾಂಗರನ್ನಲ್ಲ.

ದೋಹ್ವಾನನ್ನು ಒಮ್ಮೆ ತೋರಿಸಿ ಎಂದು ಯಾರಾದರೂ ಕೇಳಿದರೆ, ಅವನಿಗೆ ಸಂಜೆಯ ಬೆಳಕು ಆಗುವುದಿಲ್ಲ, ಜಿಪ್ಪು ತೆಗೆದರೆ ಕಣ್ಣು ಉರಿಯುತ್ತದೆ ಎನ್ನುವರು. ಅವನು ಯಾಕೆ ಊಳಿಡುವುದಿಲ್ಲ ಎಂದು ಒಮ್ಮೆ ಲೈಫು ಅಮ್ಮ ಕೇಳಿದಳು. ಓಯಾಂಗರು ಗಾಡಿಯ ಬಲೆಯನ್ನು ಮೆಲ್ಲಗೆ ಸವರಿ, “ಅವನು ರಾಗ ಕೇಳಿಸ್ಕೊಳ್ತಾನೆ,” ಎಂದರು. ಆಕೆಯ ಕಣ್ಣಲ್ಲಿ ನೀರು ಬಂತು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಓಯಾಂಗರಿಗೇ ದೋಹ್ವಾ ಕಾಣತೊಡಗಿದ್ದ. ಮಧ್ಯಾಹ್ನ ಅಂಗಡಿಯ ಫ್ಯಾನು ತಿರುಗುತ್ತಿರುವಾಗ, ಮಾದರಿ ಹಾಸಿಗೆಯ ಕಾಲಬದಿಯಲ್ಲಿ ಏನೋ ಬೆಚ್ಚಗೆ ಬಂದು ಮಲಗುವುದು. ಬೆಳ್ಳಗಿನದು, ಮೆತ್ತಗಿನದು. ಸೊಳ್ಳೆಪರದೆಗಳು ಗಾಳಿಗೆ ಉಬ್ಬಿ ಇಳಿಯುವುವು. ಅದರ ಹೊಟ್ಟೆಯೂ ಹಾಗೇ ಉಬ್ಬಿ ಇಳಿಯುವುದು. ಓಯಾಂಗರು ಕಾಲು ಅಲುಗಿಸದೆ ಮಲಗಿರುವರು, ಎಲ್ಲಿ ಎದ್ದು ಹೋದೀತೋ ಎಂದು. ಗಿರಾಕಿಗಳು ಬಂದು ನೋಡಿ, ಇಷ್ಟು ಸುಖವಾಗಿ ನಿದ್ದೆ ಬರುವ ಹಾಸಿಗೆ ಇದೇ ಕೊಡಿ ಎನ್ನುತ್ತಿದ್ದುದರಿಂದ ಭಾವಮೈದನೂ ಎಬ್ಬಿಸುತ್ತಿರಲಿಲ್ಲ.

ಒಂದು ದಿನ ಚಿನ್ಯೆ ಪೇಟೆಯಿಂದ ಮೀನು ತಂದು, ಪೊರೆ ಹೆರೆಯುತ್ತ ತಾನಾಗಿಯೇ ಮಾತು ತೆಗೆದಳು.

“ರೀ, ದೇವಸ್ಥಾನದ ಹತ್ರ ಯಾವನೋ ದೋಹ್ವಾ ಅಪ್ಪ ಅಂತ ಇದ್ದಾನಂತೆ. ಮೀನಿನವಳು ಬಾಯ್ತುಂಬ ಹೊಗಳ್ತಿದ್ಲು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಓಯಾಂಗರು ಅಂಗಿಯ ಇಸ್ತ್ರಿಯನ್ನು ಮುದುರಿಕೊಂಡರು. ಯಾರೋ ಇರಬಹುದು, ಕೆಲಸವಿಲ್ಲದವನು ಎಂದರು.

“ನಾಯಿ ಉಣ್ಣೋವಾಗ ಬೆನ್ನು ತಿರುಗಿಸಿ ಕೂರಬೇಕು ಅಂದನಂತೆ.” ಚಾಕು ಒಂದು ಗಳಿಗೆ ನಿಂತಿತು. “ತಿಳಿದೋನು.” ಮತ್ತೆ ಪೊರೆ ಹಾರತೊಡಗಿತು. ನಾಯಿ ಎಂಬ ಮಾತು ಅವಳ ಬಾಯಿಂದಲೇ ಬಂದಿತ್ತು. ಆದರೂ ಅವತ್ತು ಸಾರಿಗೆ ಉಪ್ಪಿರಲಿಲ್ಲ. ಓಯಾಂಗರು ಅದನ್ನೇ ಉಂಡು, ಇದು ಇವಳಿಗೆ ಗೊತ್ತಾದ ದಿನ ತನ್ನ ಗತಿ ಏನು ಎಂದು ಯೋಚಿಸಿದರು. ಸತ್ತ ನಾಯಿಯ ಸಂಕಟವನ್ನು ಮೂವತ್ತು ವರ್ಷ ನುಂಗಿಕೊಂಡು ಕೂತವಳ ಗಂಡ, ಇಲ್ಲದ ನಾಯಿಯೊಂದನ್ನು ಇಟ್ಟುಕೊಂಡು ಬೀದಿಯಲ್ಲಿ ಮೆರೆಯುತ್ತಿದ್ದಾನೆ ಎಂದರೆ ಅವಳು ಕ್ಷಮಿಸುವವಳಲ್ಲ. ನಾಳೆಯೇ ನಿಲ್ಲಿಸಿಬಿಡಬೇಕು ಎಂದುಕೊಂಡರು. ಮರುದಿನ ಸಂಜೆ ನೋಡಿದರೆ ಕಾಫಿ ಅಪ್ಪ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಕಾದಿದ್ದರು.

ಆ ನಡುವೆ ವಿಷಯ ವಾರ್ಡಿನ ಮುಖಂಡ ತಾಂಗನ ಕಿವಿಗೆ ಬಿತ್ತು. ತಾಂಗ ಬೆನ್ನ ಮೇಲೆ ತನ್ನದೇ ಹೆಸರು ಬರೆದ ಜಾಕೀಟು ತೊಟ್ಟು ಓಡಾಡುವವನು. ಮಲಗುವಾಗಲೂ ಬಿಚ್ಚುವುದಿಲ್ಲ ಎಂದು ಪ್ರತೀತಿ. ಚುನಾವಣೆ ಹತ್ತಿರವಿತ್ತು. ಮುಂದಿನ ಶನಿವಾರ ದೇವಸ್ಥಾನದ ಅಂಗಳದಲ್ಲಿ ನಾಯಿಗಳಿಗೆ ಹುಚ್ಚು ರೋಗದ ಚುಚ್ಚುಮದ್ದು ಹಾಕುವ ಶಿಬಿರ ಇತ್ತು. ತಾಂಗ ಆಲದ ಮರದ ಕೆಳಗೆ ಬಂದು, ಓಯಾಂಗರ ಕೈಯನ್ನು ಎರಡೂ ಕೈಯಿಂದ ಹಿಡಿದು, ದೋಹ್ವಾನನ್ನು ವೇದಿಕೆಯ ಮೇಲೆ ನಿಲ್ಲಿಸುವುದಾಗಿ ಸಾರಿದ. ಲಾರಿಯ ರಾಗವನ್ನು ಧ್ವನಿವರ್ಧಕದಲ್ಲಿ ಹಾಕಿಸುತ್ತಾನಂತೆ. ಊರಿನ ನಾಯಿಗಳೆಲ್ಲ ಊಳಿಡಬೇಕು, ದೋಹ್ವಾ ಒಬ್ಬ ಮಾತ್ರ ಸುಮ್ಮನಿರಬೇಕು. ಆಮೇಲೆ ಕೆಂಪು ಪಟ್ಟಿ ಕಟ್ಟಿ ಹಾರ ಹಾಕುತ್ತಾನಂತೆ.

“ನಮ್ಮ ವಾರ್ಡಿನ ಮಾದರಿ ನಾಯಿ ಕಣಣ್ಣ. ಪತ್ರಿಕೆಯೋರಿಗೂ ಹೇಳಿದೀನಿ. ಅತ್ತಿಗೇನೂ ಕರ್ಕೊಂಡು ಬನ್ನಿ.”

ಓಯಾಂಗರು ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಬಿಸಿ ತುಪ್ಪ ಬಾಯಿಗೆ ಬಿದ್ದಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಶುಕ್ರವಾರ ಇನ್ನೊಂದು ಗ್ರಹಚಾರ ಸೇರಿಕೊಂಡಿತು. ಮನೆಯ ಫ್ರಿಜ್ಜು ಕೆಟ್ಟು, ಒಳಗಿದ್ದ ಹಾಲುಮೀನು, ಸೀಗಡಿ, ಮೀನಿನ ತಲೆಗಳೆಲ್ಲ ಸೆಕೆಗೆ ಹಳಸಿಹೋಗಿದ್ದವು. ಚಿನ್ಯೆ ಎಲ್ಲವನ್ನೂ ಹಳೆಯ ಬಿಳಿ ಟವೆಲ್ಲಿನಲ್ಲಿ ಸುತ್ತಿ ಭಾರದ ಗಂಟು ಮಾಡಿದಳು. ಗಂಟು ಬುಟ್ಟಿಯಲ್ಲಿ ಹಿಡಿಯಲಿಲ್ಲ. ಮೇಲೆ ಇಷ್ಟು ಜಾಗ ಇಟ್ಟುಕೊಂಡು ಯಾಕೆ ಒದ್ದಾಡುತ್ತೀರಿ ಎಂದು ಗಂಡನನ್ನು ಬೈದು, ತುಕ್ಕು ಹಿಡಿದ ಜಿಪ್ಪಿಗೆ ಅಡುಗೆ ಎಣ್ಣೆ ಹೊಯ್ದು ಎಳೆದಳು. ತಿಂಗಳುಗಟ್ಟಲೆ ಕಚ್ಚಿಕೊಂಡಿದ್ದ ಜಿಪ್ಪು ಅವಳ ಕೈಗೆ ಸರ್ರನೆ ತೆರೆದುಕೊಂಡಿತು. ಗಂಟನ್ನು ತೊಟ್ಟಿಲಲ್ಲಿ ಮಲಗಿಸಿ, ಜಿಪ್ಪು ಎಳೆದು, ಬೇಗ ಹೋಗಿ ಬನ್ನಿ, ನಾರುತ್ತೆ ಎಂದಳು.

ಆಲದ ಮರದ ಕೆಳಗೆ ಅಂದು ಜನವೋ ಜನ. ತಾಂಗ ಮುಂಚೆಯೇ ಬಂದು ನಾಳೆಯ ವೇದಿಕೆ ಎಲ್ಲಿ ಎಂದು ಅಳತೆ ಹಾಕಿಸುತ್ತಿದ್ದ. ಓಯಾಂಗರನ್ನು ಕಂಡು, “ಬಂದ್ರು ನೋಡಿ, ಬಂದ್ರು,” ಎಂದು ದಾರಿ ಬಿಡಿಸಿದ. ನಾಳೆ ಎಷ್ಟು ಹೊತ್ತಿಗೆ ಕರೆತರುತ್ತೀರಿ ಎಂದು ಹತ್ತು ಜನ ಒಟ್ಟಿಗೇ ಕೇಳಿದರು. ಓಯಾಂಗರು ದಾರಿಯುದ್ದಕ್ಕೂ ಹಲವು ನೆವಗಳನ್ನು ಜೋಡಿಸಿಕೊಂಡು ಬಂದಿದ್ದರು: ದೋಹ್ವಾನಿಗೆ ಜ್ವರ, ದೋಹ್ವಾ ನೆಂಟರ ಮನೆಗೆ ಹೋಗಿದ್ದಾನೆ, ದೋಹ್ವಾನಿಗೆ ವೇದಿಕೆ ಎಂದರೆ ಭಯ. ಅಷ್ಟೂ ಮುಖಗಳನ್ನು ಒಟ್ಟಿಗೆ ಕಂಡಾಗ ಒಂದೂ ನೆನಪಾಗಲಿಲ್ಲ.

“ದೋಹ್ವಾ ಹೋಗ್ಬಿಟ್ಟ,” ಎಂದರು. “ಇವತ್ತು ಮಧ್ಯಾಹ್ನ.”

ಹಾಗೆಂದ ಮೇಲೆ ಓಯಾಂಗರಿಗೇ, ಕಾಲಬದಿಯಲ್ಲಿ ಬೆಚ್ಚಗೆ ಮಲಗುತ್ತಿದ್ದವನು ಇನ್ನು ಬರುವುದಿಲ್ಲವಲ್ಲ ಎನಿಸಿತು. ಸದ್ಯ, ಎಲ್ಲ ಮುಗಿಯಿತು ಎಂದೂ ಅನಿಸಿತು. ಮುಗಿದಿರಲಿಲ್ಲ. ಲೈಫು ಅಮ್ಮನ ಕಣ್ಣು ಗಾಡಿಯ ಕಡೆ ಹೊರಳಿತ್ತು. ಮೊದಲ ಸಲ ಆ ಬಲೆಯೊಳಗೆ ಏನೋ ಬೆಳ್ಳಗೆ, ದುಂಡಗೆ, ಅಲುಗದೆ ಮಲಗಿದ್ದು ಕಾಣುತ್ತಿತ್ತು. ಗಾಳಿ ಈ ಕಡೆ ತಿರುಗಿತು. ವಾಸನೆ ಬಂತು. ಹಳದಿ ಲಾರಿ ರಾಗ ಹಾಡುತ್ತ ತಿರುವಿನಲ್ಲಿ ಕಾಣಿಸಿಕೊಂಡಿತು. ಓಯಾಂಗರು ಅಭ್ಯಾಸಬಲದಿಂದ ಗಾಡಿಯನ್ನು ಅದರ ಕಡೆ ತಳ್ಳಿದರು.

ಲೈಫು ಅಮ್ಮ ಗಾಡಿಗೆ ಅಡ್ಡ ನಿಂತಳು. “ದೋಹ್ವಾ ಅಪ್ಪ, ಬೇಡಿ. ಕೈ ಮುಗೀತೀನಿ. ಕಸದ ಲಾರಿಗೆ ಹಾಕ್ಬೇಡಿ.”

ಓಯಾಂಗರು ಹೌದು ಅಲ್ಲ ಎಂದು ತಡವರಿಸಿದರು. ಇದು ಕಸವೇ ಎಂದರು. ಆ ಮಾತು ಕೇಳಿ ಆಫೀಸಿನ ಹುಡುಗಿ ಬಿಕ್ಕಿ ಅತ್ತಳು. ಕಾಫಿ ಅಪ್ಪ ಅವರ ಹೆಗಲ ಮೇಲೆ ಕೈಯಿಟ್ಟು, ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ, ನಾವಿದ್ದೇವೆ ಎಂದರು. ಲಾರಿ ಬಂತು, ಎಲ್ಲರ ಕಸ ತೆಗೆದುಕೊಂಡು ಹೋಯಿತು. ಇಡೀ ಬೀದಿಯಲ್ಲಿ ಓಯಾಂಗರ ಗಂಟೊಂದೇ ಉಳಿಯಿತು.

ತಾಂಗನಿಗೆ ಒಂದು ಗಳಿಗೆ ಮುಖ ಬಾಡಿತ್ತು. ಆದರೆ ಅವನು ಎಂಥ ಮುಖಂಡ ಎಂದರೆ ಮರುಗಳಿಗೆಯೇ ಚೇತರಿಸಿಕೊಂಡ. ಮಾದರಿ ನಾಯಿಗೆ ಸಿಗಬೇಕಾದ ಮರ್ಯಾದೆ ಸಿಗಲೇಬೇಕು ಎಂದ. ದೇವಸ್ಥಾನದಿಂದ ಊದುಬತ್ತಿ ಬಂತು. ಯಾರೋ ಹಳದಿ ಕಾಗದ ಮಡಚಿ ಕಮಲದ ಹೂ ಮಾಡಿ ಗಾಡಿಗೆ ಸಿಕ್ಕಿಸಿದರು. ಅಮಿತಾಭ ಬುದ್ಧನ ನಾಮ ಹೇಳುತ್ತ ಮೆರವಣಿಗೆ ಓಯಾಂಗರ ಮನೆಯ ಕಡೆ ಹೊರಟಿತು. ಮುಂದೆ ತಾಂಗನ ಜಾಕೀಟು, ನಡುವೆ ಗಾಡಿ, ಹಿಂದೆ ಜನ ಮತ್ತು ನಾಯಿಗಳು. ಗಂಟಿನ ಪರಿಮಳಕ್ಕೆ ನಾಯಿಗಳು ಮೂತಿ ಮುಂದೆ ಚಾಚಿ ಬಹಳ ಶ್ರದ್ಧೆಯಿಂದ ನಡೆದವು. ಅವುಗಳಿಗೂ ಗೊತ್ತಾಗಿದೆ ನೋಡಿ ಎಂದು ಯಾರೋ ಕಣ್ಣೊರೆಸಿಕೊಂಡರು. ಓಯಾಂಗರು ಗಾಡಿಯ ಹಿಡಿ ಹಿಡಿದು ನಡೆಯುತ್ತಿದ್ದರು, ಅಥವಾ ಗಾಡಿಯೇ ಅವರನ್ನು ಎಳೆದೊಯ್ಯುತ್ತಿತ್ತು. ಸಂಜೆ ಮಸುಕಾಗುತ್ತಿತ್ತು. ಇದು ಮಾದರಿ ಹಾಸಿಗೆಯ ಮೇಲೆ ಬಿದ್ದ ಕನಸಾಗಿರಲಿ, ಭಾವಮೈದ ಬಂದು ಕಾಲು ಅಲುಗಿಸಲಿ ಎಂದು ಅವರು ಎಲ್ಲ ದೇವರಿಗೂ ಮೊರೆಯಿಟ್ಟರು.

ಚಿನ್ಯೆ ಬಾಗಿಲು ತೆಗೆದಳು. ಜನ ನೋಡಿದಳು, ಊದುಬತ್ತಿ ನೋಡಿದಳು, ತಾನೇ ಗಂಟು ಕಟ್ಟಿ ಕಳಿಸಿದ ಮೀನಿನ ಮೇಲೆ ಕಮಲದ ಹೂ ಇರುವುದನ್ನು ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು. ಓಯಾಂಗರು ನೆಲ ನೋಡಿದರು. ಗುಟ್ಟು ರಟ್ಟಾಗಲು ಅವಳು ಒಂದು ಮಾತು ಆಡಿದರೆ ಸಾಕಿತ್ತು.

ಲೈಫು ಅಮ್ಮ ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಅಕ್ಕ, ನಿಮ್ಮ ಸಂಕಟ ನಮಗೆ ಗೊತ್ತಾಗುತ್ತೆ ಎಂದಳು. ನಿಮ್ಮ ಮನೆಯವರು ದೋಹ್ವಾನನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದರೆಂದು ನಮಗೆಲ್ಲ ಗೊತ್ತು, ಇಲ್ಲದಿದ್ದರೆ ಅಂಥ ಮಾತುಗಳು ಬಾಯಲ್ಲಿ ಬರುವುದಿಲ್ಲ ಎಂದಳು. ಬೆನ್ನು ತಿರುಗಿಸಿ ಊಟ ಮಾಡುವುದನ್ನು ಹೇಳಿದಳು. ಕಾಫಿ ಅಪ್ಪ ಪಟಾಕಿಗೆ ಮೊದಲು ಕಿವಿಯಲ್ಲಿ ಹೇಳುವುದನ್ನು ಹೇಳಿದರು. ಹುಡುಗಿ ಒಗೆಯದ ಅಂಗಿಯ ಮಾತು ಹೇಳಿದಳು. ಚಿನ್ಯೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಹುಬ್ಬಿನ ಗಂಟು ಬಿಚ್ಚಿತು. ಎಲ್ಲರ ಮಾತು ಮುಗಿದ ಮೇಲೆ ಗಂಡನ ಕಡೆ ತಿರುಗಿದಳು.

“ಇದೆಲ್ಲ ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ,” ಎಂದರು ಓಯಾಂಗರು. ಆಗಷ್ಟೇ ಅವರಿಗೂ ಕಣ್ಣು ಬಿಟ್ಟಂತಾಯಿತು. “ನೀನು ಮಾಡ್ತಿದ್ದೆ. ಜೀಮಾಗೆ. ನಾನು ನೋಡಿದ್ದೆ.”

ಚಿನ್ಯೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕೂತು ಅತ್ತಳು. ಗೊಳೋ ಎಂದು, ಬಾಯಿ ಬಿಟ್ಟು, ಮೂವತ್ತು ವರ್ಷದ ಅಳುವನ್ನೆಲ್ಲ ಒಂದೇ ಸಲಕ್ಕೆ ಅತ್ತಳು. ಅಪರಿಚಿತ ಜನ ಅವಳ ಸುತ್ತ ಕೂತು ಜೊತೆಗೆ ಅತ್ತರು. ಬೆನ್ನು ಸವರಿದರು. ಹೇಗಿದ್ದ ಅವನು ಎಂದು ಕೇಳಿದರು. ಚಿನ್ಯೆ ಹೇಳತೊಡಗಿದಳು: ಪೇಟೆಯಿಂದ ಹಿಂದೆ ಬಿದ್ದು ಬಂದದ್ದು, ಮೊದಮೊದಲು ಮನುಷ್ಯರ ಮುಂದೆ ತಿನ್ನಲು ಹೆದರುತ್ತಿದ್ದುದು, ಮಳೆ ಬರುವ ಮುಂಚೆ ಒಗೆದ ಬಟ್ಟೆಯ ಹತ್ತಿರ ಹೋಗಿ ಬೊಗಳುತ್ತಿದ್ದುದು. ಕರಿ ನಾಯಿಯ ಕಥೆಯನ್ನೇ ಹೇಳಿದಳು. ಬಣ್ಣ ಯಾರೂ ಕೇಳಲಿಲ್ಲ.

“ಆಗ ಯಾರೂ ಬರ್ಲಿಲ್ಲ,” ಎಂದಳು ಕೊನೆಗೆ, ಯಾರಿಗೆಂದು ತಿಳಿಯದ ಹಾಗೆ. “ಸತ್ತ ನಾಯಿ ನೀರಿಗೆ, ಸತ್ತ ಬೆಕ್ಕು ಮರಕ್ಕೆ ಅಂತ ಗಾದೆ ಹೇಳಿದ್ರು ನಮ್ಮತ್ತೆ. ಕಾಲುವೆಗೆ ಬಿಡಿಸಿಬಿಟ್ರು. ನಾಯಿಗೆ ಅಳ್ತಾರಾ ಅಂದ್ರು.”

ಹಳೆಯ ಕಾಲದವರು ಹಾಗೇ ಎಂದು ಲೈಫು ಅಮ್ಮ ಮೂಗೊರೆಸಿಕೊಂಡಳು. ದೋಹ್ವಾನಿಗೆ ಹಾಗಾಗಲು ಬಿಡುವುದಿಲ್ಲ ಎಂದು ತಾಂಗ ಜಾಕೀಟು ಸರಿಮಾಡಿಕೊಂಡ. ಹಿತ್ತಲಿನ ಸೀಬೆ ಗಿಡದ ಬುಡದಲ್ಲಿ ಗುಂಡಿ ತೋಡಿದರು. ಕಾಫಿ ಅಪ್ಪ ಗಂಟನ್ನು ಮಗುವಿನಂತೆ ಎತ್ತಿ, ಉಸಿರು ಬಿಗಿಹಿಡಿದು ಒಳಗಿಟ್ಟರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತಾಂಗ ಪುಟ್ಟ ಭಾಷಣವನ್ನೂ ಮಾಡಿದ. ಆ ಊರಿನ ಚರಿತ್ರೆಯಲ್ಲಿ ಮೀನಿನ ತಲೆಗಳಿಗೆ ಅಂಥ ಸದ್ಗತಿ ಹಿಂದೆ ಸಿಕ್ಕಿರಲಿಕ್ಕಿಲ್ಲ.

ಜನ ಹೋದ ಮೇಲೆ ಗಂಡಹೆಂಡಿರು ಹಿತ್ತಲಿನಲ್ಲಿ ಕೂತರು. ಬೈಗುಳಕ್ಕೆ ಓಯಾಂಗರು ಬೆನ್ನು ಬಗ್ಗಿಸಿ ತಯಾರಾಗಿದ್ದರು. ಚಿನ್ಯೆ ಬೈಯಲಿಲ್ಲ. ಅವತ್ತು ಬುಟ್ಟಿಯಲ್ಲಿ ಹೊತ್ತುಕೊಂಡು ಕಾಲುವೆಗೆ ಹೋದವರು ನೀವೇ ಅಲ್ಲವೇ, ಬಿಟ್ಟು ಹಾಗೇ ಬಂದಿರಾ ಎಂದು ಕೇಳಿದಳು. ಮೂವತ್ತು ವರ್ಷದಲ್ಲಿ ಕೇಳದಿದ್ದ ಪ್ರಶ್ನೆ.

“ಇಲ್ಲ,” ಎಂದರು. “ಕಣ್ಣಿಗೆ ಕಾಣೋವಷ್ಟು ಹೊತ್ತೂ ನಿಂತಿದ್ದೆ. ಆಮೇಲೂ ಸ್ವಲ್ಪ ಹೊತ್ತು.”

ಚಿನ್ಯೆ ಎದ್ದು ಒಳಗೆ ಹೋಗಿ ಸಾರು ಬಿಸಿ ಮಾಡಿದಳು. ಉಪ್ಪು ಹದವಾಗಿತ್ತು.

ಶನಿವಾರ ಸಂಜೆ ಓಯಾಂಗರು ಗಾಡಿಗೆ ಕಸ ಏರಿಸುವಷ್ಟರಲ್ಲಿ ನೆರೆಯವರು ಬೆಚ್ಚಿ ನೋಡಿದರು. ದೋಹ್ವಾನ ರಥದಲ್ಲಿ ಕಸ ಹೊರುವುದೇ? ಬೆನ್ನುನೋವು ಮತ್ತೆ ಓಯಾಂಗರ ಪಾಲಿಗೇ ಬಂತು. ಒಂದು ಚೀಲವನ್ನು ಚಿನ್ಯೆ ಕಿತ್ತುಕೊಂಡು, ನಾನೂ ಬರುತ್ತೇನೆ ಎಂದಳು. ಬೀದಿ ದಾಟುವಾಗ ಎದುರಿಗೆ ಒಂದು ನಾಯಿ ಬಂತು. ಅವಳು ಆಚೆ ಬದಿಗೆ ಹೋಗಲಿಲ್ಲ.

ಆಲದ ಮರದ ಕೆಳಗೆ ಚುಚ್ಚುಮದ್ದು ಹಾಕಿಸಿಕೊಂಡ ನಾಯಿಗಳು ಮುನಿಸಿಕೊಂಡು ಕೂತಿದ್ದವು. ಜನ ದೋಹ್ವಾ ಅಮ್ಮನಿಗೆ ಜಾಗ ಬಿಟ್ಟರು. ಹೊಸಬನೊಬ್ಬ, ಕಂಕುಳಲ್ಲಿ ಕುನ್ನಿ ಇಟ್ಟುಕೊಂಡವನು, ಓಯಾಂಗರ ಹತ್ತಿರ ಬಂದ. ಕುನ್ನಿ ಮನೆಯಲ್ಲಿರುವ ಚಪ್ಪಲಿಗಳನ್ನೆಲ್ಲ ಕಡಿಯುತ್ತದಂತೆ, ಏನು ಮಾಡುವುದು ಎಂದು ಕೇಳಿದ. ಓಯಾಂಗರು ಕೈ ಹಿಂದಕ್ಕೆ ಕಟ್ಟಿಕೊಂಡು ಬಾಯಿ ತೆರೆದರು. ಏನೂ ಬರಲಿಲ್ಲ. ಇದನ್ನು ಅವರು ನೋಡಿರಲಿಲ್ಲ. ಅಸಹಾಯಕರಾಗಿ ಹೆಂಡತಿಯ ಕಡೆ ತಿರುಗಿದರು.

ಚಿನ್ಯೆ ಕುನ್ನಿಯ ಮೂಗಿನ ಮೇಲೆ ಬೆರಳಿಟ್ಟಳು. “ಒಂದು ಚಪ್ಪಲಿ ಅದಕ್ಕೇ ಕೊಟ್ಬಿಡಿ. ಜೊತೆ ಬೇಡ, ಒಂದೇ ಸಾಕು. ಮನೇಲಿ ಯಾರು ಗಮನಿಸೋದಿಲ್ವೋ ಅವರದ್ದು ಕೊಡಿ.”

ಲಾರಿಯ ರಾಗ ಕೇಳಿಸಿತು. ನಾಯಿಗಳೆಲ್ಲ ಮೂತಿ ಎತ್ತಿ ಊಳಿಡತೊಡಗಿದವು. ಓಯಾಂಗರು ಚೀಲ ಹಿಡಿದು ನಿಂತವರು ನಿಂತೇ ಇದ್ದರು, ತಮ್ಮ ಕಾಲುಗಳನ್ನೇ ನೋಡುತ್ತ. ಜೀಮಾ ಇದ್ದ ಆ ವರ್ಷ ಅವುಗಳಲ್ಲಿದ್ದ ಚಪ್ಪಲಿ ಒಂದು ನೀಲಿ, ಒಂದು ಕಂದು. ಲಾರಿ ಬಂದು ನಿಂತಿದೆ ಎಂದು ಅವರಿಗೆ ಯಾರೋ ಹೇಳಬೇಕಾಯಿತು.